ರೊಟ್ಟಿ ಬಡಿದರೆ ನಡೆಯುವ ಗಡಿಯಾರ

ಮೊನ್ನೆ ಅಳಿಯ ಮೊಬೈಲು ಹಿಡಿದುಕೊಂಡು ಬಂದು, "ಮಾವಾ, ಇದನ್ನಷ್ಟ ನೋಡ್ರಿ" ಎಂದ. ದೂರದ ಊರಿನ ಯಾರೋ ಮಾರಾಟಕ್ಕಿಟ್ಟ ಕೈಗಡಿಯಾರದ ಜಾಹೀರಾತು. ಅಪರೂಪದ ಹಳೆಯ ಬಂಗಾರದ ಗಡಿಯಾರ, ಕೀಲಿ ಕೊಡುವ ಕೆಲಸವಿಲ್ಲ, ಕೈಯ ಅಲುಗಾಟಕ್ಕೇ ತನ್ನಷ್ಟಕ್ಕೆ ತಾನು ನಡೆಯುತ್ತದೆ, ಸಂಗ್ರಹದ ಹವ್ಯಾಸವಿರುವವರು ಮಾತ್ರ ವಿಚಾರಿಸಬೇಕು ಎಂದೆಲ್ಲ ಬರೆದಿತ್ತು. ಕೊನೆಗೆ ಒಂದು ಸಾಲು: 'ಇದುವರೆಗೆ ಪಾಲಿಶ್ ಮಾಡಿಸಿಲ್ಲ.' ಅದನ್ನು ಓದಿದ್ದೇ ತಡ, ಮೊಬೈಲನ್ನು ಮಗುಚಿ ಪಕ್ಕಕ್ಕಿಟ್ಟುಬಿಟ್ಟೆ. ಮುಖ ನೋಡಿ ಅಳಿಯ, "ಯಾಕ್ರಿ, ಏನಾತು?" ಎಂದ. "ಏನಿಲ್ಲಪಾ, ಆಸಿಡಿಟಿ" ಎಂದೆ. ನಮ್ಮ ವಯಸ್ಸಿನವರಿಗೆ ಇದೊಂದು ಅನುಕೂಲ. ಏನೇ ಆದರೂ ಆಸಿಡಿಟಿಯ ಮೇಲೆ ಹಾಕಿ ಪಾರಾಗಬಹುದು.

ನಾನು ಹುಟ್ಟಾ ಚಿಂತೆಯ ಮನುಷ್ಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ಚಿಕ್ಕೋಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಮೂವತ್ತು ಚಿಲ್ಲರೆ ವರ್ಷ ಕೂತಿದ್ದೆ. ಅಷ್ಟೂ ವರ್ಷ, ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದ್ದೇನೋ ಇಲ್ಲವೋ ಎಂದು ಮರಳಿ ಬಂದು ಜಗ್ಗಿ ನೋಡಿದ ದಿನಗಳೇ ಹೆಚ್ಚು. "ನಿಮಗ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಯಾಕ ಸಿಗಲಿಲ್ಲ ಅಂತ ಚಿಂತಿ ಮಾಡ್ತೀರಿ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಇಂಥವನ ಕೈಗೆ ಬಂಗಾರದ ಗಡಿಯಾರ ಕೊಟ್ಟು, ಇದನ್ನೊಂದು ದಾರಿಗೆ ಹಚ್ಚಿ ಬಾ ಎಂದವಳು ನನ್ನ ಕಾಕು.

ನಮ್ಮ ಗಡಿಯ ಕಡೆ ಚಿಕ್ಕಪ್ಪನಿಗೆ ಕಾಕಾ, ಚಿಕ್ಕಮ್ಮನಿಗೆ ಕಾಕು. ಅವರ ಮನೆ ಕಬ್ಬೂರಿನಲ್ಲಿ. ಕಾಕಾ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದರು. ಜೀವನದಲ್ಲಿ ಒಂದು ಚಿಟಿಕೆ ತಂಬಾಕು ಬಾಯಿಗೆ ಹಾಕಿದವರಲ್ಲ. ಮಕ್ಕಳಿರಲಿಲ್ಲ. ಇದ್ದವನು ನಾನು ಒಬ್ಬ. ಆ ಗಡಿಯಾರವನ್ನು ಕಾಕಾ ಹರೆಯದಲ್ಲಿ ಮುಂಬಯಿಯಿಂದ ತಂದಿದ್ದರು. ಯಾರಿಂದ ಕೊಂಡರು, ಹೇಗೆ ಸಿಕ್ಕಿತು ಎಂಬುದನ್ನು ಹತ್ತು ಸಲ ಕೇಳಿದರೆ ಹತ್ತು ಕಥೆ ಹೇಳುತ್ತಿದ್ದರು. ಒಮ್ಮೆ ಹಡಗಿನ ಕಪ್ತಾನ ಬರುತ್ತಿದ್ದ, ಇನ್ನೊಮ್ಮೆ ದಿವಾಳಿಯೆದ್ದ ಶೇಠಜಿ. ಎಲ್ಲ ಕಥೆಗಳಲ್ಲೂ ಒಂದು ಮಾತು ಮಾತ್ರ ಕಾಯಂ: "ಇದಕ್ಕ ಚಾವಿ ಕೊಡೂದ ಬ್ಯಾಡ. ಮನಷ್ಯಾ ದುಡಿಯೂತನಾ ಇದು ದುಡಿತೈತಿ." ಹೀಗೆಂದು ಕೈ ಮೇಲೆತ್ತಿ ಅಲ್ಲಾಡಿಸಿ ನಮ್ಮ ಕಿವಿಗೆ ಹಿಡಿಯುತ್ತಿದ್ದರು. ಒಳಗೆ ಸಣ್ಣ ಸರ್ರ್ ಎಂಬ ಸದ್ದು, ಅದರ ಹಿಂದೆಯೇ ಟಿಕ್ ಟಿಕ್. ಗಡಿಯಾರದ ಕೆಳಅಂಚಿನಲ್ಲಿ ಒಂದು ಸಣ್ಣ ನೆಗ್ಗು ಇತ್ತು, ಗೋದಾಮಿನ ತಕ್ಕಡಿಯ ಕೊಕ್ಕೆ ಬಡಿದು ಆದದ್ದು. ಡಯಲ್ಲು ಮೊದಲು ಬೆಳ್ಳಗಿತ್ತಂತೆ. ನಾನು ನೋಡುವ ಹೊತ್ತಿಗೆ ಹಾಲಿನ ಕೆನೆಯ ಬಣ್ಣಕ್ಕೆ ಬಂದು, ಆರರ ಹತ್ತಿರ ಒಂದು ಕಂದು ಚುಕ್ಕೆ ಬಿದ್ದಿತ್ತು.

ಜೈನರ ಮನೆಯೆಂದ ಮೇಲೆ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಆ ಮನೆಯಲ್ಲಿ ಗಡಿಯಾರಕ್ಕೆ ನಿಜವಾದ ಕೆಲಸ ಅದೊಂದೇ. ಸಂಜೆ ಐದೂವರೆಯಾಯಿತೆಂದರೆ ಕಾಕಾ ಎಲ್ಲಿದ್ದರೂ ಕೈ ನೋಡಿಕೊಂಡು ಏಳುತ್ತಿದ್ದರು. ಕಾಕು ಒಳಗಿನಿಂದ "ಎಷ್ಟಾತ್ರಿ?" ಎನ್ನುವುದು, ಕಾಕಾ ಹೊರಗಿನಿಂದ ಹೇಳುವುದು. ಗೋಡೆಯ ಮೇಲೆ ದೊಡ್ಡ ಗಡಿಯಾರವಿತ್ತು. ಅದನ್ನು ಯಾರೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ ಕಾಕಾ ಹೋದರು. ಒಂದು ಮುಂಜಾನೆ ಸ್ನಾನ ಮುಗಿಸಿ ಕೂತವರು ಏಳಲಿಲ್ಲ. ಮೂರನೆಯ ದಿನ ಯಾರೋ ದೇವರ ಮಾಡದಲ್ಲಿಟ್ಟ ಗಡಿಯಾರ ನೋಡಿದರು. ಅದು ನಿಂತಿತ್ತು. ಮನೆಯಲ್ಲಿ ಮತ್ತೊಮ್ಮೆ ಅಳು ಎದ್ದಿತು. "ಅವರ ಕೂಡನ ಹೋತು ನೋಡ್ರೆವಾ" ಎಂದು ನೆರೆಯವರು ಸೆರಗು ಬಾಯಿಗೆ ಹಚ್ಚಿದರು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ನನ್ನ ಸ್ವಭಾವಕ್ಕೆ ತಕ್ಕಂತೆ, ಇದು ಕೆಟ್ಟಿದ್ದರೆ ರಿಪೇರಿಯಾಗುತ್ತದೋ ಇಲ್ಲವೋ ಎಂಬ ಚಿಂತೆ ಹಿಡಿಯಿತು. ಮರುವಾರ ನಿಪ್ಪಾಣಿಗೆ ಹೋಗಿ ದಸ್ತಗೀರ ಮಿಸ್ತ್ರಿಯ ಮುಂದೆ ಇಟ್ಟೆ. ಕಾಕಾನ ಗಡಿಯಾರ ಮೊದಲಿನಿಂದ ನೋಡಿಕೊಳ್ಳುತ್ತಿದ್ದವನು ಅವನೇ. ಅವನು ಕಣ್ಣಿಗೆ ಭೂತಗನ್ನಡಿ ಕೂಡ ಏರಿಸಲಿಲ್ಲ. ಕೈಗೆತ್ತಿಕೊಂಡು ನಾಲ್ಕು ಸಲ ಅಲ್ಲಾಡಿಸಿ ಮರಳಿ ಕೊಟ್ಟ. ನಡೆಯುತ್ತಿತ್ತು!

"ಇದಕ್ಕೇನ ಧಾಡಿ ಆಗೇತ್ರಿ? ಒಂದೂವರಿ ದಿನ ಕೈ ಅಲ್ಲಾಡಲಿಲ್ಲಂದ್ರ ನಿಲ್ಲತೈತಿ. ಇದಕ್ಕ ರಿಪೇರಿ ಬ್ಯಾಡ. ಕಟಗೊಳ್ಳಾವ್ರು ಬೇಕು" ಎಂದ.

ಮನೆಗೆ ಬಂದು ಇದನ್ನೇ ಹೇಳಿದೆ. ಕಾಕು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ಹಂಗಾರ ತಾ ಇಲ್ಲೆ. ನಾ ಕಟಗೋತೀನಿ" ಎಂದು ಕೈ ಚಾಚಿದಳು.

ನೀವು ಈಗ ಒಂದು ಚಿತ್ರ ಕಣ್ಮುಂದೆ ತಂದುಕೊಳ್ಳಬೇಕು. ಬಳೆ ತೆಗೆದ ಕೈ, ಆ ಕೈಯಲ್ಲಿ ಗಂಡಸರ ಬಂಗಾರದ ಗಡಿಯಾರ, ಪಟ್ಟಿಗೆ ಮಿಸ್ತ್ರಿ ಹೊಸದಾಗಿ ಮೂರು ತೂತು ಹಾಕಿಕೊಟ್ಟಿದ್ದಾನೆ, ಮುಂದೆ ಕೊಣಮಿಗೆಯಲ್ಲಿ ಜೋಳದ ಹಿಟ್ಟು. ಕಾಕು ರೊಟ್ಟಿ ಬಡಿಯುತ್ತಿದ್ದಾಳೆ. ಪಟ ಪಟ ಪಟ ಎಂದು ಬಲಗೈ, ತಿರುಗಿಸುತ್ತ ಎಡಗೈ. ಗಡಿಯಾರಕ್ಕೆ ಇದಕ್ಕಿಂತ ಒಳ್ಳೆಯ ಮೇವು ಮತ್ತೊಂದಿರಲಿಲ್ಲ. ಕಾಕಾನ ಕೈಯಲ್ಲಿದ್ದಾಗ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿದ್ದದ್ದು, ಕಾಕುವಿನ ಕೈಗೆ ಬಂದ ಮೇಲೆ ರೇಡಿಯೋದ ಸಮಯಕ್ಕೆ ಸರಿಯಾಗಿ ಕೂತುಬಿಟ್ಟಿತು. ಊರ ಹೆಂಗಸರು, "ಗಂಡ ಸತ್ತಾಕಿಗೆ ಬಂಗಾರದ ಘಡ್ಯಾಳದ ಸೋಕಿ ನೋಡ್ರಿ" ಎಂದು ಒಂದು ವರ್ಷ ಆಡಿಕೊಂಡರು. ಕಾಕು ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ನಾನು ಅದನ್ನು ನಿಪ್ಪಾಣಿಗೆ ಒಯ್ದು ಬಿಚ್ಚಿಸಿ ತೊಳೆಸುತ್ತಿದ್ದೆ. ದಸ್ತಗೀರ ಮಿಸ್ತ್ರಿ ಬೆನ್ನು ತೆಗೆದು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ. "ಇಷ್ಟ ವರ್ಷದ ಹಿಟ್ಟ ಕೂಡಸಿ ಇಟ್ಟಿದ್ರ ನಂದೊಂದ ಹೊತ್ತಿನ ರೊಟ್ಟಿ ಆಗತಿತ್ತ್ರಿ" ಎನ್ನುತ್ತಿದ್ದ. ಕಾಕುವಿಗೆ ಒಂದು ಅಭ್ಯಾಸ ಬಿದ್ದಿತ್ತು. ಮಾತಾಡುತ್ತ ಕೂತಾಗ ಹೆಬ್ಬೆರಳ ಉಗುರು ತಾನಾಗಿ ಹೋಗಿ ಆ ನೆಗ್ಗಿನಲ್ಲಿ ಕೂರುತ್ತಿತ್ತು. ನಾನು ಅದನ್ನು ನೋಡಿಯೂ ನೋಡದಂತಿರುತ್ತಿದ್ದೆ.

ಹೀಗೆ ಎಂಟು ವರ್ಷ ನಡೆಯಿತು. ಆ ಮಳೆಗಾಲದಲ್ಲಿ ಮಾತಾಜಿಯೊಬ್ಬರು ಊರಿನ ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತರು. ನಾಲ್ಕು ತಿಂಗಳು ಕಾಕು ದಿನಾ ಪ್ರವಚನಕ್ಕೆ ಹೋದಳು. ಒಂದು ರವಿವಾರ ನನ್ನನ್ನು ಕರೆಸಿ, ಚಾತುರ್ಮಾಸ ಮುಗಿಯುವ ದಿನ ತಾನು ವ್ರತ ಹಿಡಿಯುವುದಾಗಿ ಹೇಳಿದಳು. ಬದುಕಿಗೆ ಇಷ್ಟೇ ವಸ್ತು ಸಾಕು ಎಂದು ಎಣಿಸಿ ಇಟ್ಟುಕೊಂಡು ಉಳಿದದ್ದೆಲ್ಲ ಬಿಡುವ ವ್ರತ. ನಾಲ್ಕು ಬಿಳಿ ಸೀರೆ, ಒಂದು ಚಾಪೆ, ತಾಟು, ತಂಬಿಗೆ, ಜಪಮಾಲೆ. ಬಂಗಾರ ಗುಂಜಿಯಷ್ಟೂ ಇಲ್ಲ. ನೋಡನೋಡುತ್ತ ಮನೆ ಖಾಲಿಯಾಯಿತು. ಹಿತ್ತಾಳೆ ಹಂಡೆ ಒಬ್ಬರಿಗೆ, ಕಪಾಟು ಇನ್ನೊಬ್ಬರಿಗೆ, ಮನೆಯನ್ನೇ ಬಸದಿಗೆ ಬರುವ ಯಾತ್ರಿಕರಿಗೆ ಬಿಟ್ಟುಕೊಟ್ಟು ತನಗೊಂದು ಕೋಣೆ ಇಟ್ಟುಕೊಂಡಳು. ಕೊಡುವಾಗ ಒಮ್ಮೆಯೂ ಹಿಂದೆಮುಂದೆ ನೋಡಲಿಲ್ಲ. ಕೊನೆಗೆ ಉಳಿದದ್ದು ಗಡಿಯಾರ.

"ಇದೊಂದ ನನ್ನ ಕೈ ಬಿಡವಲ್ತು" ಎಂದಳು. "ಇದನ್ನ ಇಟಗೊಂಡ ವ್ರತ ಹಿಡ್ಯಾಕ ಬರೂದಿಲ್ಲ. ಸುಳ್ಳ ವ್ರತ ನನಗ ಬ್ಯಾಡ. ಇದಕ್ಕೊಂದ ದಾರಿ ಮಾಡಪಾ."

ದಾರಿ ಮಾಡುವುದು ಅಷ್ಟು ಸುಲಭವಿರಲಿಲ್ಲ. ಏಕೆಂದರೆ ಕಾಕುವಿನದು ಒಂದೇ ಒಂದು ಷರತ್ತು: ಅದು ನಡೆಯುತ್ತಿರಬೇಕು. ಮೊದಲು ನನಗೇ ಕೊಡಲು ನೋಡಿದಳು. ಶನಿವಾರ ಸಂಜೆ ನನ್ನ ಕೈಗೆ ಕಟ್ಟಿ ಕಳಿಸಿದಳು. ಸೋಮವಾರ ಮುಂಜಾನೆ ಕಚೇರಿಯಲ್ಲಿ ನೋಡುತ್ತೇನೆ, ನಿಂತಿದೆ. ನನ್ನ ಕೈ ಫೈಲಿನ ಮೇಲೆ ಇಟ್ಟಲ್ಲೇ ಇರುವ ಕೈ. ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸರಕಾರ ನಿಮಗ ಪಗಾರ ಯಾತಕ್ಕ ಕೊಡತೈತೋ ಮಾರಾಯಾ! ಕೈ ಅಲ್ಲಾಡೂದ ಇಲ್ಲಲೋ!" ನಗು ಮುಗಿದ ಮೇಲೆ ಗಡಿಯಾರ ಬಿಚ್ಚಿ ತನ್ನ ಕೈಗೇ ಕಟ್ಟಿಕೊಂಡಳು. ಆಮೇಲೆ ಅವಳನ್ನು ಅಥಣಿಗೆ ಕರೆದುಕೊಂಡು ಹೋದೆ. ಅಲ್ಲಿನ ಸರಾಫ ಗಡಿಯಾರವನ್ನು ಅಂಗೈಯಲ್ಲಿ ತೂಗಿ, "ಮಷೀನ್ ತಗದ ಕೇಸ್ ಅಷ್ಟ ಕರಗಸ್ತೀನ್ರಿ ಅವ್ವಾರ. ಒಳಗಿಂದ ನಮಗ ಬ್ಯಾಡ" ಎಂದ. ಕಾಕು ಅವನ ಕೈಯಿಂದ ಕಸಿದುಕೊಂಡಳು. "ನಡಿಯೂದನ್ನ ಬೆಂಕಿಗಿ ಹಾಕಾಕ ನನ್ನಿಂದ ಆಗೂದಿಲ್ಲ" ಎಂದು ಅಂಗಡಿ ಇಳಿದೇಬಿಟ್ಟಳು. ಚಾತುರ್ಮಾಸ ಮುಗಿಯಲು ಇನ್ನು ಮೂರು ವಾರ ಇತ್ತು. ಈಗ ಚಿಂತೆ ಮಾಡುವ ಸರದಿ ನನ್ನದು, ಅದರಲ್ಲಿ ನನಗೆ ತರಬೇತಿ ಬೇಕಿರಲಿಲ್ಲ.

ದಾರಿ ತೋರಿಸಿದವನು ದಸ್ತಗೀರ ಮಿಸ್ತ್ರಿ. ಸಾಂಗಲಿಯಲ್ಲೊಬ್ಬ ಸಾಹೇಬರಿದ್ದಾರೆ, ಹಳೆಯ ಗಡಿಯಾರ ಕೂಡಿಸುವುದೇ ಅವರ ಹುಚ್ಚು ಎಂದ. ಮೊಬೈಲಿನಲ್ಲಿ ಫೋಟೋ ಕಳಿಸುವುದು ಆಗಷ್ಟೇ ನಮ್ಮ ಕಡೆ ಬಂದಿತ್ತು. ಮಿಸ್ತ್ರಿಯ ಮಗ ಫೋಟೋ ತೆಗೆದು ಕಳಿಸಿದ. ಅರ್ಧ ತಾಸಿಗೆ ಸಾಹೇಬರ ಫೋನು. ಇಂಥದ್ದು ಬಂಗಾರದಲ್ಲಿ ಬಹಳ ಕಡಿಮೆ ಬಂದಿದೆ, ಯಾರಿಗೂ ತೋರಿಸಬೇಡಿ, ನಾನೇ ಬರುತ್ತೇನೆ ಎಂದರು. ಅವರು ಹೇಳಿದ ಬೆಲೆ ಕೇಳಿ ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ ಮತ್ತೊಮ್ಮೆ ಕೇಳಿದೆ. ಆಮೇಲೆ ಕಾಕುವಿನ ಷರತ್ತು ಹೇಳಿದೆ. ಸಾಹೇಬರು ನಕ್ಕು, ತಮ್ಮಲ್ಲಿ ಇಂಥ ಗಡಿಯಾರಗಳಿಗೆಂದೇ ಒಂದು ಪೆಟ್ಟಿಗೆ ಇದೆ, ಕರೆಂಟಿನ ಮೇಲೆ ಮೆಲ್ಲಗೆ ತಿರುಗುತ್ತಿರುತ್ತದೆ, ಒಂದೂ ನಿಲ್ಲುವುದಿಲ್ಲ ಎಂದರು.

ಕಾಕುವಿಗೆ ಹೇಳಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿಕೊಂಡು ವಿಚಾರ ಮಾಡಿದಳು. "ಕರೆಂಟ ಹೋದ್ರ?" ಎಂದಳು.

"ಇನ್ವರ್ಟರ್ ಇರತೈತಿ ಕಾಕು."

"ಆತು ಹಂಗಾರ. ಕೈ ಅಲ್ಲದಿದ್ರೂ ಮಷೀನರೆ ತಿರಗಸಲಿ. ನಿಲ್ಲಲಿಲ್ಲಂದ್ರ ಸಾಕು. ನನ್ನ ಜೀವ ಹಗರಾತು" ಎಂದು ಅಲ್ಲೇ ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು.

ಸಾಹೇಬರು ನಾಲ್ಕು ದಿನ ಬಿಟ್ಟು ಕಾಗವಾಡಕ್ಕೆ ಬರುವುದೆಂದು ನಿಶ್ಚಯವಾಯಿತು. ಅಲ್ಲಿ ನನ್ನ ಹೆಂಡತಿಯ ಅಣ್ಣನ ಗೊಬ್ಬರದ ಅಂಗಡಿ ಇದೆ. ನಡುವೆ ಒಂದು ದಿನ ಬಿಟ್ಟು ವ್ರತ. ಎಲ್ಲ ಕೂಡಿ ಬಂದಿತ್ತು. ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಮ್ಮ ಮನೆಗಳ ರೀತಿ ನಿಮಗೆ ಗೊತ್ತೇ ಇದೆ. ಹೊರಗಿನವರ ಕಣ್ಣಿಗೆ ಬೀಳುವುದನ್ನು ಇದ್ದಂತೆ ಇಟ್ಟವರು ನಮ್ಮಲ್ಲಿಲ್ಲ. ಹುಡುಗಿ ನೋಡಲು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬೀಳುತ್ತದೆ. ಪೇಟೆಗೆ ಎತ್ತು ಒಯ್ಯುವ ಮುಂಚೆ ಕೋಡು ಹೆರೆದು ಎಣ್ಣೆ ಹಚ್ಚುತ್ತಾರೆ. ಮದುವೆಗೆ ಹೊರಡುವ ಮುಂಚೆ ಹಳೆಯ ಪಾಟಲಿ, ಸರಗಳೆಲ್ಲ ಅಂಟವಾಳದ ನೀರಿನಲ್ಲಿ ಮಿಂದು ಸೊನಗಾರನ ಹತ್ತಿರ ಹೋಗಿ ಮಿರಿಮಿರಿ ಮಿಂಚುತ್ತ ಬರುತ್ತವೆ. ಇಷ್ಟು ದೊಡ್ಡ ಸಾಹೇಬರು ಸಾಂಗಲಿಯಿಂದ ಕಾರು ಮಾಡಿಕೊಂಡು ಬರುವಾಗ, ಸಂದಿಯಲ್ಲಿ ಹಿಟ್ಟು ಕೂತ, ಮುಖ ಹಳದಿಯಾದ, ಅಂಚು ನೆಗ್ಗಿದ ಗಡಿಯಾರ ತೋರಿಸುವುದೇ? ನನಗೇ ನಾಚಿಕೆಯಾಯಿತು. ದಸ್ತಗೀರ ಮಿಸ್ತ್ರಿಯನ್ನು ಕೇಳೋಣವೆಂದು ಹೋದರೆ, ಅವನು ಕಣ್ಣಿನ ಆಪರೇಶನ್ನಿಗೆಂದು ಊರಿಗೆ ಹೋಗಿದ್ದ, ಅಂಗಡಿಗೆ ಬೀಗ. ಅದೇ ಓಣಿಯ ಇನ್ನೊಂದು ಅಂಗಡಿಯವನು, "ಎರಡ ದಿನ ಕೊಡ್ರಿ, ಹೊಸಾದ ಮಾಡಿ ಕೊಡ್ತೀನಿ" ಎಂದ. ಕೊಟ್ಟೆ. ಕಾಕುವಿಗೆ ಹೇಳಲಿಲ್ಲ, ಬೆಲೆ ಬಂದ ಮೇಲೆ ಹೇಳಿ ಶಾಬಾಸ್ ಅನ್ನಿಸಿಕೊಳ್ಳುವ ಆಸೆ. ಎರಡು ದಿನದ ಮೇಲೆ ನೋಡಿದರೆ ಗಡಿಯಾರ ಥಳಥಳ! ಡಯಲ್ಲು ಬೆಳ್ಳಿಯ ಹಾಗೆ ಬೆಳ್ಳಗೆ, ಅಂಕಿಗಳು ಕಪ್ಪಗೆ, ಅಂಚು ನುಣುಪು. ನಾನು ಅಂಗಡಿಯವನಿಗೆ ಚಹಾ ಕುಡಿಸಿ ಬಂದೆ.

ಕಾಗವಾಡಕ್ಕೆ ಹೊರಡುವ ಮುಂಜಾನೆ ಕಬ್ಬೂರಿಗೆ ಫೋನು ಮಾಡಿದೆ. ಬಂಗಾರದ ವಸ್ತು ಬಸ್ಸಿನಲ್ಲಿ ಹೇಗೆ ಒಯ್ಯುವುದು ಎಂಬ ಚಿಂತೆಯಲ್ಲಿ ಅದನ್ನು ಬುತ್ತಿಯ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಇಟ್ಟು, ತೆಗೆದು, ಕಾಲುಚೀಲದಲ್ಲಿ ಇಟ್ಟು, ಮತ್ತೆ ತೆಗೆದಿದ್ದೆ. ಕಾಕು, "ಸುಮ್ಮ ಕೈಗೆ ಕಟಗೊಂಡ ಹೋಗಲೇ. ನಿನ್ನ ಕೈಯಾಗ ಇದ್ರ ಯಾರರೆ ಬಂಗಾರದ್ದ ಅಂತಾರೇನ?" ಎಂದಳು. ಮಾತು ಸರಿಯಿತ್ತು. ಆದರೂ ಅಂಕಲಿ ದಾಟುವವರೆಗೆ ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಳ್ಳುತ್ತಲೇ ಇದ್ದೆ. ಪಕ್ಕದವನು ವೇಳೆ ಕೇಳಿದರೆ ಕೈ ಬೆನ್ನ ಹಿಂದೆ ಮಾಡಿ, ಅಂದಾಜಿಗೆ "ಹತ್ತ ಆಗಿರಬೇಕ್ರಿ" ಎಂದೆ.

ಸಾಹೇಬರು ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸಂಭಾವಿತ ಮನುಷ್ಯ. ಮೊದಲು ಕರವಸ್ತ್ರ ಹಾಸಿದರು, ಆಮೇಲೆ ಗಡಿಯಾರ ಇಸಿದುಕೊಂಡರು, ಕಣ್ಣಿಗೆ ಭೂತಗನ್ನಡಿ ಹಚ್ಚಿದರು. ಹಚ್ಚಿದವರು ಒಂದು ಕ್ಷಣಕ್ಕೇ ತೆಗೆದರು.

"ಹೇ ಕುಣೀ ಕೇಲಂ?" ಎಂದರು. ಮರುಗಳಿಗೆ ಮರಾಠಿ ಬಿಟ್ಟು, "ಯಾರ ಮಾಡಿದ್ರು ಇದನ್ನ?" ಎಂದು ಕನ್ನಡದಲ್ಲಿ ಕೇಳಿದರು.

"ನಾನ ಮಾಡಸೀನ್ರಿ. ತಾವು ಬರತೀರಂತ..."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಡಿಯಾರವನ್ನು ಕರವಸ್ತ್ರದ ಮೇಲೆ ಮೆಲ್ಲಗೆ ಇಟ್ಟು, ಮೈಯಲ್ಲಿ ಹುಷಾರಿಲ್ಲದವರಂತೆ ಕೂತರು. "ಆ ಹಳದಿ ಬಣ್ಣನ ನನಗ ಬೇಕಾಗಿತ್ತ್ರಿ. ಆ ಕಲೆ, ಆ ಗೆರಿ, ಅಂಚಿನಾಗಿನ ಆ ನೆಗ್ಗ, ಎಲ್ಲಾ ಬೇಕಾಗಿತ್ತು. ಐವತ್ತ ವರ್ಷ ಅದರಾಗ ಕುಂತಿತ್ತು. ನೀವು ಎರಡ ದಿನದಾಗ ಅರದ ತಗದ್ರಿ. ಈಗ ಇದು ಬರೇ ಬಂಗಾರ. ಬಂಗಾರಕ್ಕ ಸರಾಫ ಅದಾನ, ನಾ ಯಾಕ?" ಚಹಾ ಪೂರ್ತಿ ಕುಡಿದು, ಎದ್ದು ಕೈ ಮುಗಿದು ಹೋದರು.

ಮರಳಿ ಬರುವ ಬಸ್ಸಿನಲ್ಲಿ ಮೂರು ಸುಳ್ಳು ತಯಾರು ಮಾಡಿದೆ. ಸಾಹೇಬರು ಬರಲೇ ಇಲ್ಲ ಎಂಬುದು ಒಂದು. ಮಾರಾಟವಾಯಿತು, ಹಣ ಆಮೇಲೆ ಬರುತ್ತದೆ ಎಂಬುದು ಇನ್ನೊಂದು. ಮೂರನೆಯದರಲ್ಲಿ ಗಡಿಯಾರ ಬಸ್ಸಿನಲ್ಲಿ ಕಳುವಾಗುತ್ತಿತ್ತು. ಯಾವುದನ್ನು ಹೇಳಿದರೂ ಕಾಕು ನಂಬುತ್ತಾಳೆ, ಅದೇ ನನಗೆ ಹೆದರಿಕೆ. ವ್ರತದ ಹೊತ್ತಿಗೆ ನನ್ನ ಸುಳ್ಳಿನ ಮೇಲೆ ಅವಳು ಕೈ ಮುಗಿದು ಕೂರಬೇಕು. ಸುಳ್ಳು ವ್ರತ ಬೇಡ ಎಂದವಳು ಅವಳು. ಕಬ್ಬೂರಿನಲ್ಲಿ ಇಳಿಯುವಾಗಲೂ ಮೂರರಲ್ಲಿ ಯಾವುದು ಎಂದು ತೀರ್ಮಾನವಾಗಿರಲಿಲ್ಲ.

ಕಾಕು ಆಗಷ್ಟೇ ಊಟ ಮುಗಿಸಿ ಕೈ ತೊಳೆದಿದ್ದಳು. ಬಿಸಿಲು ಇನ್ನೂ ಅಂಗಳದಲ್ಲಿತ್ತು. "ಯಾಕ ತಮ್ಮಾ, ಮಾರಿ ಹಿಂಗ್ಯಾಕ ಆಗೇತಿ?" ಎಂದಳು. ಅಷ್ಟಕ್ಕೇ ಮೂರೂ ಸುಳ್ಳು ಮರೆತುಹೋಗಿ ಎಲ್ಲ ಹೇಳಿಬಿಟ್ಟೆ. ಹೇಳಿ ಗಡಿಯಾರ ಅವಳ ಕೈಗೆ ಕೊಟ್ಟೆ. ಅವಳು ಡಯಲ್ಲು ನೋಡಲಿಲ್ಲ. ಅವಳ ಹೆಬ್ಬೆರಳು ಸೀದಾ ಕೆಳಅಂಚಿಗೆ ಹೋಯಿತು. ಆ ಕಡೆ ಹೋಯಿತು, ಈ ಕಡೆ ಬಂತು. ಮತ್ತೊಂದು ಸಲ ಸುತ್ತಿ ಬಂತು.

"ಎಲ್ಲಿ ಹೋತಪಾ ಅದು?"

"ಪಾಲಿಶದಾಗ ಹೋತ ಕಾಕು."

ಕಾಕು ಅಳುವುದನ್ನು ನಾನು ಕಾಕಾ ತೀರಿದಾಗ ನೋಡಿದ್ದೆ, ಆಮೇಲೆ ಅಂದು ನೋಡಿದೆ. "ಅವರ ಗುರುತ ಅಂತ ಇದ್ದದ್ದ ಅದೊಂದಲೋ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳ ಕಾಲ ಹತ್ತಿರ ಕೂತು ನಾನೂ ಅತ್ತೆ. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು ಗಡಿಯಾರವನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟಳು, ಪರರ ವಸ್ತು ಮರಳಿ ಕೊಟ್ಟಂತೆ. "ನಾಳಿಗೆ ಅಥಣಿಗೆ ಒಯ್ದ ಕರಗಸು. ಇದು ಅವರದ್ದಲ್ಲ" ಎಂದಳು. ಬೇಡ ಕಾಕು, ಬೇರೆ ಯಾರಾದರೂ ಸಿಗುತ್ತಾರೆ ಎಂದು ಗೋಗರೆದೆ. "ನಾಳಿ ಬಿಟ್ರ ದಿನಾ ಎಲ್ಲೈತಿ? ಬಂಗಾರ ಬಸದಿಗಿ ಮುಟ್ಟಲಿ. ಹೋಗಪಾ" ಎಂದು ಎದ್ದು ಒಳಗೆ ಹೋದಳು.

ಮರುದಿನ ಅದೇ ಸರಾಫನ ಮುಂದೆ ಕೂತೆ. ಅವನು ಬೆನ್ನು ತೆಗೆದು, ಒಳಗಿನ ಮಷೀನನ್ನು ಇಡಿಯಾಗಿ ಎತ್ತಿ ಒಂದು ಗುಲಾಬಿ ಕಾಗದದ ಮೇಲೆ ಇಟ್ಟ. ಖಾಲಿ ಕೇಸು ಮೂಸೆಗೆ ಹೋಯಿತು. ಊದುವ ಬೆಂಕಿಯ ಸದ್ದಿನಲ್ಲಿ ನನಗೆ ಮೊದಲು ಏನೂ ಕೇಳಲಿಲ್ಲ. ಬೆಂಕಿ ಆರಿ, ಮೂಸೆಯ ತಳದಲ್ಲಿ ಒಂದು ಬಂಗಾರದ ಗುಂಡು ಉಳಿದಾಗ ಕೇಳಿತು. ಕಾಗದದ ಮೇಲೆ, ಮೈ ಮೇಲೆ ಏನೂ ಇಲ್ಲದೆ, ಅದು ನಡೆಯುತ್ತಲೇ ಇತ್ತು. "ಇದನ್ನ ಒಯ್ತೀರೋ, ಒಗೀಲ್ಯೋ?" ಎಂದ ಸರಾಫ. ನಾನು ಅದೇ ಕಾಗದದಲ್ಲಿ ಪುಡಿಕೆ ಕಟ್ಟಿ ಎತ್ತಿಕೊಂಡೆ.

ಆ ದಿನ ಹಾರೂಗೇರಿ, ರಾಯಬಾಗ ದಾಟಿ ಬರುವ ಬಸ್ಸಿನಲ್ಲಿ ನನ್ನನ್ನು ನೋಡಿದವರಿಗೆ ಏನನ್ನಿಸಿತೋ. ಪುಡಿಕೆಯನ್ನು ಮುಷ್ಟಿಯಲ್ಲಿ ಸಡಿಲಾಗಿ ಹಿಡಿದು ದಾರಿಯುದ್ದಕ್ಕೂ ಕೈ ಅಲ್ಲಾಡಿಸುತ್ತ ಬಂದೆ. ಒಂದೂವರೆ ದಿನ ಅದು ತಾನಾಗಿ ನಡೆಯುತ್ತದೆಂದು ಗೊತ್ತು. ಆದರೂ ನನ್ನ ಕೈಯಲ್ಲಿ ನಿಂತರೆ ಎಂಬ ಹೆದರಿಕೆ. ಎದುರಿನ ಸೀಟಿನ ಮುದುಕ ನೋಡಿ ನೋಡಿ, "ಕೈಗೆ ಲಕ್ವಾ ಹೊಡದೈತೇನ್ರಿ ಪಾಪ?" ಎಂದ. "ಹೂನ್ರಿ" ಎಂದೆ. ವಿವರಿಸುವ ತಾಕತ್ತು ಇರಲಿಲ್ಲ.

ಕಾಕು ತನ್ನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಗೋಡೆಯ ಗೂಟಕ್ಕೆ ನಾಳಿನ ಬಿಳಿ ಸೀರೆ ತೂಗುಹಾಕಿತ್ತು. ಬಂಗಾರ ಬಸದಿಯಲ್ಲಿ ಕೊಟ್ಟುಬಂದದ್ದನ್ನು ಹೇಳಿ, ಪುಡಿಕೆ ಬಿಚ್ಚಿ ಅವಳ ಮುಂದೆ ಹಿಡಿದೆ. ದಾರಿಯಲ್ಲೆಲ್ಲ ಕಟ್ಟಿಕೊಂಡು ಬಂದ ಮಾತು ಒಂದೇ ಉಸಿರಿಗೆ ಹೇಳಿದೆ: "ಕಾಕು, ಇದು ಬಂಗಾರ ಅಲ್ಲ. ಉಕ್ಕು, ಹಿತ್ತಾಳಿ. ನಿನ್ನ ವ್ರತದಾಗ ಬರೂದಿಲ್ಲ. ಇಟಗೋ."

ಅವಳು ಕಾಗದಸಮೇತ ಎತ್ತಿ ಕಿವಿಗೆ ಹಿಡಿದಳು. ಕಣ್ಣು ಮುಚ್ಚಿದಳು. ನಿನ್ನೆ ಪರರದ್ದೆಂದು ನೆಲಕ್ಕಿಟ್ಟವಳ ಮುಖದಲ್ಲಿ ಗುರುತು ಹತ್ತಿತು. "ಅವರದ ಆವಾಜಲೋ ಇದು" ಎಂದಳು. "ಇದನ್ನೇನ ಪಾಲಿಶ ಮಾಡಾಕ ಆಗಿಲ್ಲ ನೋಡ ನಿನಗ." ನಕ್ಕಳು, ಕಣ್ಣಲ್ಲಿ ನೀರಿತ್ತು. ನನಗೆ ಹೋದ ಜೀವ ಬಂದಂತಾಯಿತು. ಬಹಳ ಹೊತ್ತು ಹಾಗೇ ಕೇಳಿ, ಅವಳು ಅದನ್ನು ಕಾಗದದಲ್ಲಿ ಮಡಚಿ ನನ್ನ ಕೈಗೇ ಮರಳಿಸಿದಳು.

"ಮಾತಾಜಿನ್ನ ಒಂದ ಮಾತ ಕೇಳೂನು ಕಾಕು. ಬ್ಯಾಡ ಅನ್ನೂದಿಲ್ಲ ಅವರು."

"ಕೇಳಿದ್ರ ಇಟಗೋ ಅಂತಾರ. ಅದಕ್ಕ ಕೇಳೂದಿಲ್ಲ" ಎಂದಳು. "ಬಂಗಾರ ನನಗ ಬೇಕಿತ್ತೇನ? ನನಗ ಬೇಕಾದದ್ದ ಇದು. ಬಿಡೂದಂದ್ರ ಇದನ್ನ ಬಿಡಬೇಕು."

ನಾನು ತಲೆ ಕೆಳಗೆ ಹಾಕಿ ಕೂತೆ. ನನಗೆ ಅರಿವಿಲ್ಲದೆ ಪುಡಿಕೆ ಹಿಡಿದ ಕೈ ಮತ್ತೆ ಅಲ್ಲಾಡತೊಡಗಿತ್ತು. ಕಾಕು ಅದನ್ನೇ ನೋಡುತ್ತಿದ್ದಳು. ಬಗ್ಗಿ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟಳು.

"ಕೈ ನಿಲ್ಲಸಪಾ."

"ನಿಂತ ಹೋಗತೈತಿ ಕಾಕು."

"ನಿಲ್ಲಲಿ" ಎಂದಳು.

ಮರುದಿನ ವ್ರತ ಆಯಿತು. ಅದಾದ ಮೇಲೆ ಕಾಕು ಆ ಕೋಣೆಯಲ್ಲಿ ಆರು ವರ್ಷ ಬದುಕಿದಳು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋಗುವಾಗೆಲ್ಲ, ಅದು ಎಲ್ಲಿದೆ, ಯಾವಾಗ ನಿಂತಿತು ಎಂದು ಕೇಳಿದರೆ ಹೇಳಲು ಉತ್ತರ ಕಟ್ಟಿಕೊಂಡು ಹೋಗುತ್ತಿದ್ದೆ. ಅವಳು ನನ್ನ ಬಿಪಿ ಕೇಳಿದಳು, ಹೆಂಡತಿಯ ಮೊಣಕಾಲು ಕೇಳಿದಳು, ಮಳೆ ಕೇಳಿದಳು. ಅದನ್ನು ಒಂದು ಸಲವೂ ಕೇಳಲಿಲ್ಲ. ಅವಳು ಬಿಟ್ಟದ್ದು ನನ್ನ ಕಪಾಟಿನಲ್ಲಿ ಬಂದು ಕೂತಿತ್ತು. ನಾನು ಪುಡಿಕೆ ಬಿಚ್ಚಲಿಲ್ಲ, ಒಗೆಯಲೂ ಇಲ್ಲ. ಕಾಕಾನ ಕೊನೆಯ ಗುರುತನ್ನು ಅರೆದುಹಾಕಿದವನು ನಾನು ಎಂಬ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ಮೊನ್ನೆ ಆಸಿಡಿಟಿಯ ನೆಪ ಹೆಚ್ಚು ಹೊತ್ತು ನಿಲ್ಲದೆ ಅಳಿಯನಿಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು, ಇಷ್ಟು ವರ್ಷ ನಾನು ಚಿಂತೆ ಮಾಡಿದ್ದು ಕಾಕು ಅಂದೇ ಅತ್ತು ಮುಗಿಸಿದ ಸಂಗತಿಗಾಗಿ. ಅಳಿಯ ಕಣ್ಣರಳಿಸಿ, "ಮಾವಾ, ಅಂಥಾ ಮಷೀನಿಗೂ ಗಿರಾಕಿ ಅದಾರ್ರಿ. ಹಳೇ ಗಡಿಯಾರಕ್ಕ ಸಾಮಾನ ಸಿಗೂದಿಲ್ಲ. ಇದರಾಗಿಂದ ಒಂದ ಚಕ್ರ ಹಾಕಿದ್ರ ನಿಂತದ್ದೊಂದ ನಡಿತೈತಿ" ಎಂದ. ನಾನು ಎದ್ದು ಕಪಾಟಿನಿಂದ ಪುಡಿಕೆ ತಂದು, ಬಿಚ್ಚದೆ ಅವನ ಅಂಗೈಯಲ್ಲಿಟ್ಟೆ. "ಒಯ್ಯಿ. ದುಡ್ಡ ತಗೋಬ್ಯಾಡ. ಯಾರಿಗೆ ಬೇಕೋ ಅವರಿಗೆ ಕೊಟ್ಟ ಬಾ" ಎಂದೆ.

ಅವನು ಹೊರಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಂಗಳ ದಾಟುವಾಗ ಅವನು ತಡೆಯಲಾರದೆ ಪುಡಿಕೆಯನ್ನು ನಾಲ್ಕು ಸಲ ಅಲ್ಲಾಡಿಸಿ ಕಿವಿಗೆ ಹಿಡಿದ. ಹಿಡಿದವನು ಥಟ್ಟನೆ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ನಾನು ಕೈ ಎತ್ತಿ ಬೇಡವೆಂದು ಸನ್ನೆ ಮಾಡಿ, ಒಳಗೆ ಬಂದೆ.